ಬೀದಿದೀಪದ ಕೆಳಗೆ ಬ್ರಹ್ಮಾಂಡ

ಮೈಸೂರು ಸೀಮೆಗೆ ಮೂಡಣ ದಿಕ್ಕಿನ ಬಾಗಿಲಾಗಿದ್ದ ಊರು ‘ಮೂಡಲಬಾಗಿಲು’ ಎನಿಸಿಕೊಂಡು, ಜನರ ನಾಲಗೆಯ ಮೇಲೆ ಸವೆದು ಮುಳಬಾಗಿಲು ಆಯಿತೆಂದು ಹೇಳುತ್ತಾರೆ. ಹೊರಗಿನವರಿಗೆ ಈ ಊರು ಆಂಜನೇಯನಿಂದ, ಕುರುಡುಮಲೆಯ ಗಣಪನಿಂದ, ಇಲ್ಲವೇ ದೋಸೆಯಿಂದ ಪರಿಚಿತ. ತಿರುಪತಿಗೆ ಹೊರಟವರು ಅರ್ಧ ಗಂಟೆ ನಿಂತು ಮುಂದೆ ಸಾಗುತ್ತಾರೆ. ಆದರೆ ರಾತ್ರಿಯ ಆಕಾಶವನ್ನು ನೋಡುವ ಹವ್ಯಾಸವಿರುವವರಿಗೆ ಊರಿನ ಹೆಸರು ಇಂದಿಗೂ ಅಕ್ಷರಶಃ ನಿಜ. ಪಡುವಣಕ್ಕೆ ಕೋಲಾರ, ಅದರಾಚೆ ನರಸಾಪುರದ ಕಾರ್ಖಾನೆಗಳು, ಹೊಸಕೋಟೆ, ಕೊನೆಗೆ ಬೆಂಗಳೂರು. ಈ ಸಾಲಿನ ಬೆಳಕೆಲ್ಲ ಒಂದಾಗಿ ದಿಗಂತದ ಮೇಲೆ ಮಾಸಲು ಪೊರೆಯಾಗಿ ಕವಿದಿರುತ್ತದೆ. ಮೂಡಣಕ್ಕೆ ನಂಗಲಿ, ಆಮೇಲೆ ಆಂಧ್ರದ ಗಡಿ, ಅದರಾಚೆ ಪಲಮನೇರಿನ ಆಸುಪಾಸಿನ ಕೌಂಡಿನ್ಯ ಅರಣ್ಯ. ಹೀಗಾಗಿ ನಮ್ಮೂರಿನಲ್ಲಿ ನಕ್ಷತ್ರಗಳು ಸ್ಫುಟವಾಗಿ ಹುಟ್ಟುತ್ತವೆ, ಮಂಕಾಗಿ ಮುಳುಗುತ್ತವೆ.

ಈ ಊರಿನ ಒಂದು ಹಿತ್ತಲಿನಲ್ಲಿ, ನುಗ್ಗೆ ಮರಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ, ಎಂಟು ಅಂಗುಲ ವ್ಯಾಸದ ಕನ್ನಡಿಯ ದೂರದರ್ಶಕವನ್ನು ನಿಲ್ಲಿಸಿಕೊಂಡು ಕೆಲವು ವರ್ಷಗಳಿಂದ ನಾನು ಗೆಲಾಕ್ಸಿಗಳ ಚಿತ್ರ ತೆಗೆಯುತ್ತಿದ್ದೇನೆ. ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನಿಗೆ ಇದು ತಕ್ಕ ಹವ್ಯಾಸವೇ. ವಿಚಿತ್ರವೆನಿಸುವುದು ಸ್ಥಳದ ಆಯ್ಕೆ. ಕಾಂಪೌಂಡಿನ ಆಚೆ ಹದಿನೈದು ಅಡಿ ದೂರದಲ್ಲಿ ಎಲ್‌ಇಡಿ ಬೀದಿದೀಪ, ಎದುರು ಮನೆಯ ಮಾಳಿಗೆಯ ಮೇಲೊಂದು ಫ್ಲಡ್‌ಲೈಟು, ಸ್ವಲ್ಪ ದೂರದಲ್ಲಿ ರಾತ್ರಿಯಿಡೀ ಲಾರಿ ಹರಿಯುವ ಹೆದ್ದಾರಿ. ಗೆಲಾಕ್ಸಿಗಳನ್ನು ಹಿಡಿಯಲು ಕಾಡಿಗೋ ಬೆಟ್ಟಕ್ಕೋ ಹೋಗಬೇಕಲ್ಲವೇ ಎಂದು ಕೇಳುವವರಿದ್ದಾರೆ. ಹೋಗಬಹುದು. ಆದರೆ ಮೂವತ್ತು ಕಿಲೋ ತೂಕದ ಸಾಮಗ್ರಿಯನ್ನು ಹೊತ್ತು ತಿಂಗಳಿಗೊಮ್ಮೆ ಹೋಗುವುದಕ್ಕಿಂತ, ಮೋಡವಿಲ್ಲದ ಪ್ರತಿ ರಾತ್ರಿಯೂ ಲುಂಗಿ ಉಟ್ಟುಕೊಂಡೇ ಹಿತ್ತಲಿಗೆ ಇಳಿಯುವುದು ನನ್ನ ವಯಸ್ಸಿಗೆ ಸಾಧ್ಯವಾದ ಮಾತು. ಬಯಲುಸೀಮೆಗೆ ಮಳೆ ಕಡಿಮೆಯೆಂಬ ನಮ್ಮ ಹಳೆಯ ಗೋಳು ಇಲ್ಲಿ ವರವಾಗುತ್ತದೆ. ನವೆಂಬರಿನ ಕೊನೆಯಿಂದ ಏಪ್ರಿಲ್‌ವರೆಗೆ ಶುಭ್ರವಾದ ರಾತ್ರಿಗಳಿಗೆ ಬರವಿಲ್ಲ.

ಗೆಲಾಕ್ಸಿಗಳು ಎಷ್ಟು ಮಂಕು ಎಂಬುದನ್ನು ಮೊದಲು ಹೇಳಬೇಕು. ಕನ್ನಡದಲ್ಲಿ ಬ್ರಹ್ಮಾಂಡ ಎಂದೂ ಕರೆಯುವ ಈ ನಕ್ಷತ್ರಸಮೂಹಗಳಲ್ಲಿ ನಮಗೆ ಹತ್ತಿರದ ದೊಡ್ಡದು ದೇವಯಾನಿ. ಅದೇ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ. ಅದನ್ನು ಕತ್ತಲೆಯ ಊರಿನಿಂದ ಬರಿಗಣ್ಣಿಗೇ ಕಾಣಬಹುದು. ಉಳಿದವು ಕೋಟಿ ಜ್ಯೋತಿರ್ವರ್ಷಗಳ ಲೆಕ್ಕದವು. ಅವುಗಳಿಂದ ಬರುವ ಬೆಳಕು ಒಂದು ಚುಕ್ಕೆಯಾಗಿ ಬಾರದೆ ಹರಡಿಕೊಂಡು ಬರುತ್ತದೆ. ಹರಡಿದ ಬೆಳಕಿಗೆ ಆಕಾಶದ ಹಿನ್ನೆಲೆಯೇ ಶತ್ರು. ಖಗೋಳಜ್ಞರು ಹಿನ್ನೆಲೆಯ ಬೆಳಕನ್ನು ‘ಕಾಂತಿಮಾನ’ದಲ್ಲಿ ಅಳೆಯುತ್ತಾರೆ. ಮನುಷ್ಯನ ದೀಪ ಸೋಂಕದ ಆಕಾಶದಲ್ಲಿ ಒಂದು ಚದರ ಆರ್ಕ್‌ಸೆಕೆಂಡಿಗೆ ಸುಮಾರು 22. ನಮ್ಮೂರಿನಂಥ ಸಣ್ಣ ಪಟ್ಟಣದಲ್ಲಿ ಹತ್ತೊಂಬತ್ತೂವರೆಯ ಆಸುಪಾಸು. ಮಹಾನಗರದ ನಡುವೆ 18 ಅಥವಾ ಅದಕ್ಕಿಂತ ಕಡಿಮೆ. ಈ ಮಾಪನದಲ್ಲಿ ಅಂಕಿ ಇಳಿದಷ್ಟೂ ಬೆಳಕು ಹೆಚ್ಚು. ಎರಡೂವರೆ ಅಂಕಿಯ ವ್ಯತ್ಯಾಸವೆಂದರೆ ಹತ್ತು ಪಟ್ಟು, ನಾಲ್ಕು ಅಂಕಿಯ ವ್ಯತ್ಯಾಸವೆಂದರೆ ನಲವತ್ತು ಪಟ್ಟು.

ಹಿನ್ನೆಲೆಯ ಬೆಳಕನ್ನು ಕಂಪ್ಯೂಟರಿನಲ್ಲಿ ಕಳೆದುಬಿಡಬಾರದೇ ಎಂಬ ಪ್ರಶ್ನೆ ಸಹಜ. ಅದರ ಸರಾಸರಿಯನ್ನು ಖಂಡಿತ ಕಳೆಯಬಹುದು, ಎಲ್ಲರೂ ಕಳೆಯುತ್ತಾರೆ. ಕಳೆಯಲಾಗದ್ದು ಅದರ ಏರಿಳಿತ. ಬೆಳಕು ಫೋಟಾನುಗಳಾಗಿ, ಹನಿಹನಿಯಾಗಿ ಬೀಳುವ ಕಾರಣ ಒಂದು ಕ್ಷಣ ಹೆಚ್ಚು, ಮತ್ತೊಂದು ಕ್ಷಣ ಕಡಿಮೆ. ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಹೊತ್ತಿನಲ್ಲಿ ಯಾರೋ ಕಿವಿಯ ಬಳಿ ಪಿಸುಗುಟ್ಟಿದ್ದನ್ನು ಕೇಳಿಸಿಕೊಳ್ಳಲು ಯತ್ನಿಸಿದರೆ ಹೇಗೋ ಇದೂ ಹಾಗೆ. ಗದ್ದಲ ಸರಾಸರಿ ಎಷ್ಟೆಂದು ಗೊತ್ತಿದ್ದ ಮಾತ್ರಕ್ಕೆ ಪಿಸುಮಾತು ಕೇಳುವುದಿಲ್ಲ. ಪಿಸುಮಾತನ್ನು ಮತ್ತೆ ಮತ್ತೆ ಹೇಳಿಸಬೇಕು. ಆದ್ದರಿಂದಲೇ ನಾನು 30 ಸೆಕೆಂಡಿನ ಒಂದು ಚಿತ್ರಕ್ಕೆ ಬದಲಾಗಿ 240 ಚಿತ್ರಗಳನ್ನು ತೆಗೆದು ಒಂದರ ಮೇಲೊಂದು ಜೋಡಿಸುತ್ತೇನೆ. ಇನ್ನೂರ ನಲವತ್ತರ ವರ್ಗಮೂಲ ಸುಮಾರು ಹದಿನೈದೂವರೆ; ಗದ್ದಲಕ್ಕೆ ಹೋಲಿಸಿದರೆ ಸಂಕೇತ ಅಷ್ಟು ಪಟ್ಟು ಸುಧಾರಿಸುತ್ತದೆ. ನಿಜವಾದ ಕತ್ತಲೆಯಲ್ಲಿ ಒಂದು ಗಂಟೆಯಲ್ಲಿ ದಕ್ಕುವುದು ನಮ್ಮ ಹಿತ್ತಲಿನಲ್ಲಿ ಹತ್ತು ಗಂಟೆಗೆ ದಕ್ಕುತ್ತದೆ. ಬೆಂಗಳೂರಿನ ಮಾಳಿಗೆಯ ಮೇಲಾದರೆ ನಲವತ್ತು ಗಂಟೆ. ಬೆಳಕಿನ ಮಾಲಿನ್ಯಕ್ಕೆ ತೆರುವ ತೆರಿಗೆ ಹಣದಲ್ಲಲ್ಲ, ರಾತ್ರಿಗಳಲ್ಲಿ.

ಕೆಲಸದ ಕ್ರಮ ಸರಳವೇ. ಸೂರ್ಯ ಮುಳುಗುವ ಮೊದಲೇ ದೂರದರ್ಶಕವನ್ನು ಹೊರಗಿಟ್ಟು ಕನ್ನಡಿಯನ್ನು ಆರಲು ಬಿಡಬೇಕು. ದಪ್ಪ ಗಾಜು ಹಗಲಿನ ಕಾವನ್ನು ಬೇಗ ಬಿಡುವುದಿಲ್ಲ. ಬಿಡುವವರೆಗೆ ನಕ್ಷತ್ರಗಳು ಕಾದ ರಸ್ತೆಯ ಮೇಲಿನ ಬಿಸಿಲ್ಗುದುರೆಯಂತೆ ನಡುಗುತ್ತಿರುತ್ತವೆ. ಕೊಳವೆಯ ಬಾಯಿಗೆ ಕಪ್ಪು ರಟ್ಟಿನ ಸುರುಳಿ ಸುತ್ತಿ ಬೀದಿದೀಪದ ನೇರ ಬೆಳಕನ್ನು ತಡೆಯಬೇಕು. ದೂರದರ್ಶಕ ಭೂಮಿಯ ತಿರುಗುವಿಕೆಗೆ ಎದುರಾಗಿ ತಿರುಗಬೇಕಾದರೆ ಅದರ ಅಕ್ಷ ಧ್ರುವದ ಕಡೆ ನೋಡುತ್ತಿರಬೇಕು. ಧ್ರುವ ನಕ್ಷತ್ರದ ಎತ್ತರ ಊರಿನ ಅಕ್ಷಾಂಶದಷ್ಟೇ. ಮುಳಬಾಗಿಲಿನಲ್ಲಿ ಅದು ಹದಿಮೂರು ಡಿಗ್ರಿ, ಅಂದರೆ ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟೂ ಇಲ್ಲ. ನನ್ನ ಹಿತ್ತಲಿನಿಂದ ನೋಡಿದರೆ ಆ ಅಚಲ ಪದವಿಯ ಧ್ರುವನು ಪಕ್ಕದ ಮನೆಯ ಕಪ್ಪು ನೀರಿನ ಟ್ಯಾಂಕಿನ ಹಿಂದೆ ಕುಳಿತಿದ್ದಾನೆ. ಹೀಗಾಗಿ ಬೇರೆ ಎರಡು ನಕ್ಷತ್ರಗಳು ಜಾರುವ ರೀತಿಯನ್ನು ಗಮನಿಸಿ ಅಕ್ಷವನ್ನು ಹೊಂದಿಸಿಕೊಳ್ಳಬೇಕು. ಬೆಳಗಿನ ಜಾವ ಕೊಳವೆಯ ಬಾಯಿಗೆ ಒಗೆದ ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿ, ಬೆಳಗಾಗುತ್ತಿರುವ ಆಕಾಶದತ್ತ ತಿರುಗಿಸಿ ಇಪ್ಪತ್ತು ಮೂವತ್ತು ಚಿತ್ರ ತೆಗೆಯುವುದು ಕೊನೆಯ ವಿಧಿ. ಕ್ಯಾಮೆರಾದ ಮೇಲಿನ ದೂಳಿನ ನೆರಳುಗಳೂ ಅಂಚಿನ ಮಬ್ಬೂ ಇದರಿಂದ ಲೆಕ್ಕಕ್ಕೆ ಸಿಗುತ್ತವೆ. ಕಲ್ಲುಕ್ವಾರಿಗಳ ಜಿಲ್ಲೆಯಲ್ಲಿ ದೂಳಿಗೇನೂ ಕೊರತೆಯಿಲ್ಲ.

ಹೀಗೆಲ್ಲ ಹೆಣಗಿ ಪಡೆಯುವುದೇನು? ಇಲ್ಲಿ ನಮ್ಮ ಊರಿಗೆ ಇರುವ ಒಂದು ಭಾಗ್ಯವನ್ನು ಹೇಳಲೇಬೇಕು. ಕನ್ಯಾ ರಾಶಿಯ ದಿಕ್ಕಿನಲ್ಲಿ, ಸುಮಾರು ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದಲ್ಲಿ, ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳ ಒಂದು ದೊಡ್ಡ ಗುಂಪಿದೆ. ಅದರ ನಡುಭಾಗ ಖಗೋಳದ ಸಮಭಾಜಕದಿಂದ ಹನ್ನೆರಡು ಹದಿಮೂರು ಡಿಗ್ರಿ ಉತ್ತರಕ್ಕಿದೆ. ನಮ್ಮ ಅಕ್ಷಾಂಶವೂ ಹದಿಮೂರು. ಎಂದರೆ, ಮಾರ್ಚ್ ಕೊನೆಯ ನಡುರಾತ್ರಿಗಳಲ್ಲಿ ಆ ಗುಂಪು ಮುಳಬಾಗಿಲಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ನೆತ್ತಿಯೆಂದರೆ ಗಾಳಿಯ ಪದರ ಅತಿ ತೆಳುವಾದ, ಊರಿನ ಬೆಳಕು ಅತಿ ಕಡಿಮೆ ಚದುರಿ ಬರುವ ಜಾಗ. ಲಂಡನ್ನಿನವರಿಗೂ ಪ್ಯಾರಿಸ್ಸಿನವರಿಗೂ ಈ ಗುಂಪು ದಕ್ಷಿಣದ ಇಳಿಜಾರಿನಲ್ಲಿ ಸಿಗುತ್ತದೆ. ನಮಗೆ ತಲೆ ಎತ್ತಿದರೆ ಸಾಕು. ನನ್ನ ಚಿತ್ರವೊಂದರಲ್ಲಿ ಮಾರ್ಕೇರಿಯನ್ನನ ಸರಪಳಿ ಎಂಬ ಗೆಲಾಕ್ಸಿಗಳ ಸಾಲು ಬಾಗಿದ ಮಾಲೆಯಂತೆ ಬಂದಿದೆ. ಇನ್ನೊಂದರಲ್ಲಿ ಎಂ87 ಎಂಬ ದೈತ್ಯ ಗೆಲಾಕ್ಸಿಯಿದೆ. ಅದು ಹೂವಲ್ಲ, ಸುರುಳಿಯಲ್ಲ, ಬರೀ ಹತ್ತಿಯ ಉಂಡೆ. ಆದರೆ 2019ರಲ್ಲಿ ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿ ಕಿತ್ತಳೆಯ ಉಂಗುರವಾಗಿ ಬಂದ ಮೊದಲ ಕಪ್ಪುರಂಧ್ರದ ಚಿತ್ರ ಈ ಉಂಡೆಯ ನಟ್ಟನಡುವಿನದು. ಅದರ ತೂಕ 650 ಕೋಟಿ ಸೂರ್ಯರಷ್ಟು.

ಈ ಗುಂಪಿನ ಕೆಲವು ಗೆಲಾಕ್ಸಿಗಳನ್ನು ಮೊದಲು ಪಟ್ಟಿ ಮಾಡಿದವನು ಶಾರ್ಲ್ ಮೆಸಿಯೆ. ಧೂಮಕೇತುಗಳ ಬೇಟೆಯಲ್ಲಿದ್ದ ಅವನು 1781ರ ಮಾರ್ಚ್ 18ರ ಒಂದೇ ರಾತ್ರಿ ಇಲ್ಲಿನ ಎಂಟು ಮಬ್ಬುಗಳನ್ನು ಬರೆದುಕೊಂಡ. ಧೂಮಕೇತುವೆಂದು ಯಾರೂ ಮೋಸಹೋಗದಿರಲಿ ಎಂಬುದಷ್ಟೇ ಅವನ ಉದ್ದೇಶ. ಅವನ ವೀಕ್ಷಣಾಲಯ ಇದ್ದದ್ದು ಪ್ಯಾರಿಸ್ ನಗರದ ಮಧ್ಯದ ಕ್ಲೂನಿ ಭವನದ ಮೇಲೆ. ಎಣ್ಣೆದೀಪದ ಕಾಲದ ಮಹಾನಗರದ ಎದೆಯ ಮೇಲೆ ನಿಂತು ಗೆಲಾಕ್ಸಿಗಳನ್ನು ಕಣ್ಣಿನಿಂದಲೇ ಎಣಿಸಬಹುದಾಗಿತ್ತು! ಅಲ್ಲಿಂದ ನೂರ ಅರವತ್ತೆರಡು ವರ್ಷ ಮುಂದೆ ಬನ್ನಿ. 1943ರಲ್ಲಿ ಲಾಸ್ ಏಂಜಲೀಸ್ ನಗರ ಯುದ್ಧಭೀತಿಯಿಂದ ದೀಪ ಆರಿಸಿ ಕುಳಿತಿತ್ತು. ಪಕ್ಕದ ಮೌಂಟ್ ವಿಲ್ಸನ್ನಿನ ನೂರು ಅಂಗುಲದ ಕನ್ನಡಿಯ ಬಳಿ ಇದ್ದವನು ವಾಲ್ಟರ್ ಬಾಡೆ. ಜರ್ಮನ್ ಪ್ರಜೆಯಾದ್ದರಿಂದ ಯುದ್ಧದ ಕೆಲಸಕ್ಕೆ ಕರೆಯದೆ ಬಿಟ್ಟಿದ್ದರು. ಆ ಕತ್ತಲೆಯಲ್ಲಿ ಅವನು ದೇವಯಾನಿಯ ತಿರುಳಿನ ನಕ್ಷತ್ರಗಳನ್ನು ಮೊದಲ ಬಾರಿಗೆ ಬಿಡಿಬಿಡಿಯಾಗಿ ಕಂಡ. ನಕ್ಷತ್ರಗಳಲ್ಲಿ ಎರಡು ಪೀಳಿಗೆಗಳಿವೆ ಎಂಬ ತಿಳಿವು ಅಲ್ಲಿಂದ ಹೊರಟಿತು. ಒಂದು ನಗರ ದೀಪ ಆರಿಸಿದ್ದರಿಂದ ವಿಜ್ಞಾನ ಮುಂದೆ ಹೋದದ್ದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ಗೊತ್ತಿಲ್ಲ. ಯುದ್ಧವಿಲ್ಲದೆಯೂ ಆರಿಸಬಹುದೆಂಬುದು ಬೇರೆ ಮಾತು.

ನಮ್ಮ ಜಿಲ್ಲೆಗೂ ಬೆಳಕಿಗೂ ಇರುವ ನಂಟು ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಬೆಂಗಳೂರನ್ನು ತಲುಪುವ ಮೊದಲೇ ಕೋಲಾರದ ಚಿನ್ನದ ಗಣಿಗೆ ಬಂದಿತ್ತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆಕಾಶದ ನಂಟೂ ಕಡಿಮೆಯದಲ್ಲ. ಗಣಿಯ ಆಳದಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊಗಳ ಗುರುತು ಸಿಕ್ಕಿತು. ಆಗ ಈ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನಲ್ಲಿ ಎಪ್ಪತ್ತರ ದಶಕದಲ್ಲಿ ರೇಡಿಯೊ ದೂರದರ್ಶಕ ಎದ್ದಿತು. ನಮ್ಮೂರಿನಿಂದ ಆಗ್ನೇಯಕ್ಕೆ, ಹಕ್ಕಿ ಹಾರುವ ದಾರಿಯಲ್ಲಿ ನೂರು ಕಿಲೋಮೀಟರಿಗಿಂತ ಕಡಿಮೆ ದೂರದಲ್ಲಿ, ಜವಾದಿ ಬೆಟ್ಟದ ಕಾವಲೂರು ಇದೆ. ವೇಣು ಬಾಪು ಅವರು ಕತ್ತಲೆಯನ್ನು ಹುಡುಕಿಕೊಂಡು ಅಲ್ಲಿಗೆ ಹೋದವರು. 1968ರಲ್ಲಿ 38 ಸೆಂಟಿಮೀಟರಿನ ಪುಟ್ಟ ದೂರದರ್ಶಕದಿಂದ ಆರಂಭವಾದ ಆ ವೀಕ್ಷಣಾಲಯದಲ್ಲಿ 1986ರ ಜನವರಿಯಲ್ಲಿ 2.34 ಮೀಟರ್ ಕನ್ನಡಿಯ ದೂರದರ್ಶಕ ರಾಷ್ಟ್ರಕ್ಕೆ ಅರ್ಪಿತವಾಯಿತು. ಅದನ್ನು ಉಜ್ಜಿ ನಯಗೊಳಿಸಿದ್ದು ಬೆಂಗಳೂರಿನ ಕೋರಮಂಗಲದಲ್ಲಿ. ನೋಡಲು ಬಾಪು ಇರಲಿಲ್ಲ, 1982ರಲ್ಲೇ ತೀರಿಕೊಂಡಿದ್ದರು. ನನ್ನ ಕನ್ನಡಿಯೂ ಅದೇ ತತ್ತ್ವದ್ದು: ನ್ಯೂಟನ್ 1668ರಲ್ಲಿ ಮಾಡಿ ತೋರಿಸಿದ ಉಪಾಯ. ವ್ಯಾಸದಲ್ಲಿ ಹನ್ನೊಂದರಲ್ಲಿ ಒಂದು ಪಾಲು.

ಬದಲಾದದ್ದು ದೀಪದ ಸಂಖ್ಯೆ ಮಾತ್ರವಲ್ಲ, ದೀಪದ ಜಾತಿ. ಹಿಂದಿನ ಸೋಡಿಯಂ ದೀಪ ಹಳದಿ ಬಣ್ಣದ ಒಂದು ಕಿರಿದಾದ ಪಟ್ಟಿಯ ಸುತ್ತ ಬೆಳಗುತ್ತಿತ್ತು. ದೂರದರ್ಶಕಕ್ಕೆ ಸೋಸುಗಾಜೊಂದನ್ನು ತೊಡಿಸಿ ಆ ಪಟ್ಟಿಯನ್ನು ಕತ್ತರಿಸಿದರೆ ಅರ್ಧ ಯುದ್ಧ ಗೆದ್ದಂತೆ. 2015ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಬೀದಿದೀಪ ಯೋಜನೆಯಿಂದ ದೇಶದ ಊರೂರಿಗೂ ಎಲ್‌ಇಡಿ ಬಂತು. ವಿದ್ಯುತ್ತಿನ ಉಳಿತಾಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಿಳಿ ಎಲ್‌ಇಡಿ ಎಲ್ಲ ಬಣ್ಣಗಳಲ್ಲೂ ಬೆಳಗುತ್ತದೆ, ನೀಲಿಯಲ್ಲಿ ವಿಶೇಷವಾಗಿ. ನೀಲಿ ಬೆಳಕು ಗಾಳಿಯಲ್ಲಿ ಸೋಡಿಯಂ ಹಳದಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಚದುರುತ್ತದೆ. ಹಗಲಿನ ಆಕಾಶ ನೀಲಿಯಾಗಿರುವುದಕ್ಕೆ ಇರುವ ಕಾರಣವೇ ಇದಕ್ಕೂ. ನೀಹಾರಿಕೆಗಳ ಚಿತ್ರ ತೆಗೆಯುವವರು ಇನ್ನೂ ಪಾರಾಗುತ್ತಾರೆ, ಏಕೆಂದರೆ ಅನಿಲದ ಮೋಡಗಳು ಒಂದೆರಡು ನಿಶ್ಚಿತ ಬಣ್ಣಗಳಲ್ಲಿ ಮಾತ್ರ ಬೆಳಗುತ್ತವೆ. ಗೆಲಾಕ್ಸಿಯ ಬೆಳಕು ಕೋಟ್ಯಂತರ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣವೂ ಅದರಲ್ಲಿದೆ. ಎಲ್‌ಇಡಿಯನ್ನು ಸೋಸಹೊರಟರೆ ಗೆಲಾಕ್ಸಿಯೂ ಸೋಸಿಹೋಗುತ್ತದೆ. 2023ರ ಆರಂಭದಲ್ಲಿ ಪ್ರಕಟವಾದ ಅಧ್ಯಯನವೊಂದು, ಜಗತ್ತಿನ ಹವ್ಯಾಸಿಗಳು ಹನ್ನೆರಡು ವರ್ಷ ಬರಿಗಣ್ಣಿನಿಂದ ನೋಡಿ ಕಳಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವರದಿಗಳನ್ನು ಕೂಡಿಸಿ, ಆಕಾಶ ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಬೆಳಗುತ್ತಿದೆ ಎಂದು ಲೆಕ್ಕ ಹಾಕಿತು. 250 ನಕ್ಷತ್ರ ಕಾಣುವ ಊರಿನಲ್ಲಿ ಹುಟ್ಟಿದ ಮಗು ಹದಿನೆಂಟಾಗುವ ಹೊತ್ತಿಗೆ ಅಲ್ಲಿ ನೂರು ಕಂಡರೆ ಹೆಚ್ಚು.

2023ರ ಮೇ 19ರಂದು ಜಪಾನಿನ ಹವ್ಯಾಸಿ ಕೋಯಿಚಿ ಇಟಗಾಕಿ, ಸಪ್ತರ್ಷಿಗಳ ಬಾಲದ ಬಳಿಯ ಎಂ101 ಎಂಬ ಸುರುಳಿ ಗೆಲಾಕ್ಸಿಯಲ್ಲಿ ಸೂಪರ್‌ನೋವಾ ಒಂದನ್ನು ಕಂಡುಹಿಡಿದರು. ಎರಡು ಕೋಟಿ ಜ್ಯೋತಿರ್ವರ್ಷಗಳ ಆಚೆ ಸತ್ತ ನಕ್ಷತ್ರ. ಮುಂಗಾರು ಪೂರ್ವದ ಮೋಡಗಳ ನಡುವೆ ಒಂದು ರಾತ್ರಿ ಬಿಡುವು ಸಿಕ್ಕಿತು. ಸುರುಳಿಯ ತೋಳುಗಳು ನಮ್ಮೂರಿನ ಆಕಾಶದ ಮಬ್ಬಿನಲ್ಲಿ ಬಹುಮಟ್ಟಿಗೆ ಕರಗಿಹೋಗಿದ್ದವು. ಆದರೆ ಸತ್ತ ನಕ್ಷತ್ರ ಒಂದೇ ಚುಕ್ಕೆಯಾಗಿ, ಇಡೀ ಗೆಲಾಕ್ಸಿಯ ಚೆಲುವನ್ನು ಹಿಂದೆ ಹಾಕಿ ಹೊಳೆಯುತ್ತಿತ್ತು. ಅದೇ ಸೂಪರ್‌ನೋವಾವನ್ನು ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಲಡಾಖಿನ ಹಾನ್ಲೆಯ ಎರಡು ಮೀಟರ್ ದೂರದರ್ಶಕದಿಂದ ಅಭ್ಯಸಿಸಿದರು. ನಾಲ್ಕೂವರೆ ಸಾವಿರ ಮೀಟರ್ ಎತ್ತರದ ಆ ದೂರದರ್ಶಕವನ್ನು ನಡೆಸುವ ಕೇಂದ್ರ ಇರುವುದು ನಮ್ಮದೇ ಹೆದ್ದಾರಿಯ ಹೊಸಕೋಟೆಯಲ್ಲಿ ಎಂಬುದು ಕೋಲಾರದ ಬಸ್ಸಿನಲ್ಲಿ ದಿನವೂ ಓಡಾಡುವ ಎಷ್ಟು ಮಂದಿಗೆ ಗೊತ್ತು? ಹಾನ್ಲೆಯ ಸುತ್ತ ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಪ್ರದೇಶವನ್ನು 2022ರಲ್ಲಿ ಕತ್ತಲೆಯ ಆಕಾಶದ ಮೀಸಲು ಪ್ರದೇಶವೆಂದು ಘೋಷಿಸಿದರು. ಕತ್ತಲೆ ಬೇಕಾದವರು ಹಿಮಾಲಯಕ್ಕೆ ಹೋಗಲಿ ಎಂಬುದು ಇದರ ಅರ್ಥವಾಗಬಾರದು.

ದೀಪವೇ ಬೇಡವೆಂದು ನಾನು ಹೇಳುತ್ತಿಲ್ಲ. ಹಾವು ಚೇಳುಗಳ ಸೀಮೆಯಲ್ಲಿ, ಕತ್ತಲಲ್ಲಿ ಹೆಣ್ಣುಮಕ್ಕಳು ನಡೆದು ಬರುವ ಬೀದಿಯಲ್ಲಿ, ಹಾಗೆ ಹೇಳುವುದು ಅಮಾನುಷ. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಬದುವಿನ ಮೇಲೆ ನಡೆಯುವ ರೈತನಿಗೆ ನಕ್ಷತ್ರಕ್ಕಿಂತ ಟಾರ್ಚು ಮುಖ್ಯ. ನನ್ನ ತಕರಾರು ಆಕಾಶಕ್ಕೆ ಬೀಳುವ ಬೆಳಕಿನ ಬಗ್ಗೆ ಮಾತ್ರ. ಅದರಿಂದ ಯಾರ ಹಾದಿಯೂ ಬೆಳಗುವುದಿಲ್ಲ. ನಮ್ಮ ಹಿತ್ತಲಿನ ಬಳಿಯ ಕಂಬಕ್ಕೆ ಹತ್ತಿದ ಲೈನ್‌ಮನ್ನಿಗೆ ವಿಷಯ ಹೇಳಿದಾಗ ಆತ ನಕ್ಕ: “ಮೇಷ್ಟ್ರೇ, ಲೈಟ್ ಹಾಕಿ ಅಂತ ಬರೋರ್ನ ನೋಡಿದ್ದೀನಿ, ಮುಚ್ಚಿ ಅಂತ ಬಂದೋರು ನೀವೇ ಮೊದಲು.” ಆದರೂ ದೀಪದ ತಲೆಯನ್ನು ನೆಲಕ್ಕೆ ಸಮವಾಗುವಂತೆ ತಿರುಗಿಸಿ, ಒಂದು ಬದಿಗೆ ಎಣ್ಣೆ ಡಬ್ಬದ ತಗಡನ್ನು ಬಾಗಿಸಿ ಕಟ್ಟಿಕೊಟ್ಟ. ಖರ್ಚು ಅವನ ಕಾಫಿಯದ್ದು. ಕಣ್ಣಿಗೆ ಹೊಡೆಯುತ್ತಿದ್ದ ಬೆಳಕು ಕೆಳಗೆ ಬಿದ್ದ ಮೇಲೆ ಬೀದಿಯ ಗುಂಡಿಗಳು ಮೊದಲಿಗಿಂತ ಚೆನ್ನಾಗಿ ಕಾಣುತ್ತಿವೆ ಎಂದು ಎದುರು ಮನೆಯವರೇ ಹೇಳಿದರು. ಅವರ ಫ್ಲಡ್‌ಲೈಟೂ ಈಗ ಹತ್ತಕ್ಕೆ ಆರುತ್ತದೆ. ಫ್ರಾನ್ಸ್ 2018ರಲ್ಲಿ ಇಂಥದ್ದನ್ನೇ, ದೀಪದ ಬೆಳಕು ದಿಗಂತಕ್ಕಿಂತ ಮೇಲೆ ಹೋಗುವುದಕ್ಕೂ ಇರುಳಿನ ಯಾವ ಹೊತ್ತಿಗೆ ಆರಬೇಕೆಂಬುದಕ್ಕೂ ಮಿತಿ ಹಾಕಿ, ಸರ್ಕಾರಿ ಆದೇಶವನ್ನಾಗಿ ಹೊರಡಿಸಿತು. ನಮ್ಮಲ್ಲಿ ಬೀದಿದೀಪದ ಟೆಂಡರಿನಲ್ಲಿ ವ್ಯಾಟು ಇರುತ್ತದೆ, ವಾರಂಟಿ ಇರುತ್ತದೆ. ಬೆಳಕು ಎತ್ತ ಬೀಳಬೇಕು, ಬಣ್ಣ ಎಷ್ಟು ಹಳದಿಯಿರಬೇಕು ಎಂಬ ಎರಡು ಸಾಲು ಸೇರಿಸಲು ಯಾವ ಹೊಸ ಕಾನೂನೂ ಬೇಕಿಲ್ಲ.

ನನಗೆ ಅಷ್ಟು ಸುಲಭವಾಗಿ ಉತ್ತರ ಹೊಳೆಯದಿರುವುದು ಸೇವಂತಿಗೆಯ ವಿಷಯದಲ್ಲಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪಯಣಿಸಿದವರು ಹೊಲದ ತುಂಬ ಬಲ್ಬುಗಳ ಸಾಲನ್ನು ಕಂಡಿರುತ್ತಾರೆ. ಅದು ಜಾತ್ರೆಯಲ್ಲ. ಸೇವಂತಿಗೆ ಇರುಳು ಉದ್ದವಾದಾಗ ಹೂ ಬಿಡುವ ಗಿಡ. ಇರುಳಿನ ನಡುವೆ ಬೆಳಕು ಕೊಟ್ಟರೆ ಅದಕ್ಕೆ ದಿನ ಇನ್ನೂ ಉದ್ದವಿದೆಯೆಂಬ ಭ್ರಮೆ ಹುಟ್ಟಿ, ಮೊಗ್ಗು ಬಿಡದೆ ಕಡ್ಡಿ ಬೆಳೆಸುತ್ತ ಹೋಗುತ್ತದೆ. ಬೇಕಾದಷ್ಟು ಎತ್ತರವಾದ ಮೇಲೆ ಬಲ್ಬು ಆರಿಸಿದರೆ ಸುಮಾರು ಎರಡು ತಿಂಗಳಿಗೆ ಹೊಲವೆಲ್ಲ ಹೂವು, ಸರಿಯಾಗಿ ಹಬ್ಬದ ಮಾರುಕಟ್ಟೆಗೆ. ಕೊಳವೆಬಾವಿ ತೋಡಿ ತೋಡಿ ಸೋತ ಜಿಲ್ಲೆಯ ರೈತ ಬೆಳಕನ್ನೇ ಗೊಬ್ಬರವಾಗಿಸಿಕೊಂಡ ಜಾಣ್ಮೆ ಇದು. ಅವನ ಕೈ ಹಿಡಿಯುವ ಬೆಳೆಯ ಮುಂದೆ ನನ್ನ ಗೆಲಾಕ್ಸಿಯ ದಾವೆ ನಿಲ್ಲದು, ನಿಲ್ಲಬಾರದು ಕೂಡ. ಬಲ್ಬಿಗೆ ಮೇಲೊಂದು ತಟ್ಟೆಯಂಥ ಮುಚ್ಚಳ ಹಾಕಿದರೆ ಅದೇ ಬೆಳಕು ಗಿಡಕ್ಕೇ ಬೀಳುತ್ತದೆ, ಕಡಿಮೆ ವ್ಯಾಟಿನ ಬಲ್ಬೂ ಸಾಕಾದೀತು ಎಂದು ಊರ ಹೊರಗಿನ ಒಬ್ಬ ಬೆಳೆಗಾರರಿಗೆ ಹೇಳಿದೆ. ಅವರು ಲೆಕ್ಕ ಹಾಕಿ, ಎರಡು ಸಾಲಿಗೆ ಹಾಕಿ ನೋಡುತ್ತೇನೆ ಎಂದಿದ್ದಾರೆ.

ಅವರೊಡನೆ ಮಾತನಾಡುತ್ತ ಇನ್ನೊಂದು ಸಂಗತಿ ತಿಳಿಯಿತು. ಯುಗಾದಿಯ ಹೂವಿಗಾಗಿ ಅವರು ದೀಪ ಆರಿಸುವುದು ಜನವರಿ ಕೊನೆ, ಫೆಬ್ರುವರಿ ಮೊದಲಿಗೆ. ಆಮೇಲೆ ಕನ್ಯಾ ರಾಶಿಯ ಗೆಲಾಕ್ಸಿಗಳ ಕಾಲ ಮುಗಿಯುವವರೆಗೂ ಅವರ ಹೊಲ ಕತ್ತಲು. ಕಳೆದ ಬಾರಿ ಬಲ್ಬಿನ ಸ್ವಿಚ್ಚು ಒತ್ತುವ ಹಿಂದಿನ ದಿನ ಫೋನು ಮಾಡಿದ್ದರು: “ನಾಳೆಯಿಂದ ಆಫ್ ಮಾಡ್ತೀನಿ ಮೇಷ್ಟ್ರೇ, ನಿಮ್ಮ ಕೆಲಸ ಏನಿದೆಯೋ ಶುರು ಮಾಡಿಕೊಳ್ಳಿ.” ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನವಿತ್ತು. ಆ ವರ್ಷದ ಪಟ್ಟಿಯಲ್ಲಿ ಮೊದಲಿಗಿದ್ದದ್ದು 3ಸಿ 273. ಗೆಲಾಕ್ಸಿಗಳ ಗುಂಪಿಗಿಂತ ತುಸು ದಕ್ಷಿಣಕ್ಕೆ, ನೋಡಲು ಸಾಮಾನ್ಯ ನಕ್ಷತ್ರದಂಥ ಒಂದು ಚುಕ್ಕೆ. ಅದು ಬಹು ದೂರದ ಗೆಲಾಕ್ಸಿಯೊಂದರ ಉರಿಯುವ ತಿರುಳೆಂದು, ಕ್ವೇಸಾರ್ ಎಂದು, 1963ರಲ್ಲಿ ಮಾರ್ಟೆನ್ ಸ್ಮಿತ್ ಗುರುತಿಸಿದರು. ಚುಕ್ಕೆಯಾಗಿರುವುದರಿಂದ ಬೀದಿದೀಪದ ಆಕಾಶದಲ್ಲೂ ಅದು ಅಳಿಸಿಹೋಗುವುದಿಲ್ಲ. ನಾಲ್ಕನೆಯ ರಾತ್ರಿ ಕ್ಯಾಮೆರಾಕ್ಕೆ ದಕ್ಕಿತು. ಅಲ್ಲಿಂದ ಬೆಳಕು ಹೊರಟು ಸುಮಾರು 240 ಕೋಟಿ ವರ್ಷಗಳಾಗಿವೆ. ಅದು ಹೊರಟ ಹೊತ್ತಿಗೆ ಕೋಲಾರ ಸೀಮೆಯ ಬಂಡೆಗಳು ಆಗಲೇ ಆರಿ ಗಟ್ಟಿಯಾಗಿದ್ದವು.